ಹೌದು ಅನ್ನುವ ಕೀಲು

ನಮ್ಮ ವೈದ್ಯಕೀಯ ಕಾಲೇಜಿನ ಮೂಳೆ ಕೋಣೆಯಲ್ಲಿ ಒಂದು ಅಸ್ಥಿಪಂಜರವಿದೆ. ಕಿಟಕಿಯ ಪಕ್ಕ, ಚಕ್ರದ ಸ್ಟ್ಯಾಂಡಿಗೆ ನೆತ್ತಿಯ ಕೊಂಡಿಯಿಂದ ನೇತುಬಿದ್ದು, ಹಗಲಿಡೀ ಹಲ್ಲು ಕಿರಿದುಕೊಂಡು ನಿಂತಿರುತ್ತದೆ. ಅದರ ಹೆಸರು ಮಾವ. ಹೆಸರಿಟ್ಟವರು ತಂತಿಯಣ್ಣ. "ಮಗಳ ಮದುವೆ ಮಾಡಿ ಮುಗಿಸಿದ ಮೇಲೆ ಮಾವನ ಹತ್ರ ಉಳಿಯೋದು ಇಷ್ಟೇ ನೋಡಿ, ಮೂಳೆ, ಆಮೇಲೆ ಒಂದು ನಗು" ಎನ್ನುತ್ತಿದ್ದರು.

ಬಿಡಿ ಮೂಳೆಗಳನ್ನು ಹಿತ್ತಾಳೆ ತಂತಿಯಿಂದ ಪೋಣಿಸಿ ಮತ್ತೆ ಮನುಷ್ಯನ ಆಕಾರಕ್ಕೆ ತರುವುದು ತಂತಿಯಣ್ಣನ ಕೆಲಸವಾಗಿತ್ತು. ಕಾಲೇಜಿನ ಕಡತದಲ್ಲಿ ಅವರು ಬರಿಯ ಸಹಾಯಕ. ಮೊಗಸಾಲೆಯ ಗೋಡೆಯ ಮೇಲೆ ಪ್ರೊಫೆಸರುಗಳ ಫೋಟೊಗಳು ಸಾಲಾಗಿ ತೂಗುತ್ತಿವೆ. ಅವರಲ್ಲಿ ಅರ್ಧಕ್ಕರ್ಧ ಜನಕ್ಕೆ ಮೊಣಕಾಲ ಚಿಪ್ಪನ್ನು ಕೈಗಿಟ್ಟರೆ ಅದು ಎಡದ್ದೋ ಬಲದ್ದೋ ಎಂದು ಕಣ್ಣು ಮುಚ್ಚಿ ಹೇಳಲು ಬರುತ್ತಿರಲಿಲ್ಲ. ತಂತಿಯಣ್ಣನಿಗೆ ಬರುತ್ತಿತ್ತು. ಅವರ ಫೋಟೊ ಆ ಗೋಡೆಯ ಮೇಲಿಲ್ಲ. ಅವರ ಬಗ್ಗೆ ಬರೆಯಬೇಕಾದವಳು ನಾನು, ಅವರು ಬದುಕಿರುವಾಗ ಬಾಯಿ ಬಿಡದವಳೂ ನಾನೇ. ಹಾಗಾಗಿ ಇದನ್ನು ಹೊಗಳಿಕೆ ಎಂದು ಯಾರೂ ಓದಬೇಡಿ.

ಮೊದಲು ಅವರು ಕಾಲೇಜಿನ ಗೇಟಿನ ಎದುರು ಕೂತು ಕೊಡೆ ರಿಪೇರಿ ಮಾಡುತ್ತಿದ್ದರಂತೆ. ಹಿರಿಯ ಪ್ರೊಫೆಸರೊಬ್ಬರ ಕೊಡೆ ಗಾಳಿಗೆ ಮಗುಚಿ ಎಂಟು ಕಡ್ಡಿಗಳಲ್ಲಿ ಐದು ಕಿತ್ತುಹೋಗಿದ್ದವು. ಸಂಜೆಯೊಳಗೆ ಅದು ಹೊಸದಕ್ಕಿಂತ ಸಲೀಸಾಗಿ ಬಿಚ್ಚಿಕೊಳ್ಳುತ್ತಿತ್ತು. ಮರುದಿನ ಪ್ರೊಫೆಸರು ಒಂದು ಬಟ್ಟೆಯ ಚೀಲ ತಂದು ಮುಂದಿಟ್ಟು, "ಇದನ್ನೂ ಜೋಡಿಸ್ತೀಯಾ?" ಎಂದರಂತೆ. ಒಳಗೆ ಇಪ್ಪತ್ತೇಳು ಪುಟ್ಟ ಮೂಳೆಗಳು. ಒಂದು ಕೈ. ತಂತಿಯಣ್ಣ ತಮ್ಮದೇ ಎಡಗೈಯನ್ನು ಎದುರಿಗಿಟ್ಟುಕೊಂಡು, ಒತ್ತಿ ಒತ್ತಿ ನೋಡುತ್ತ, ಒಂದೂವರೆ ದಿನದಲ್ಲಿ ಜೋಡಿಸಿದರು. ಮಣಿಕಟ್ಟಿನಲ್ಲಿ ಬೆಣಚುಕಲ್ಲಿನಂಥ ಎಂಟು ಮೂಳೆಗಳಿರುತ್ತವೆ, ಒಂದರ ಮೇಲೊಂದು ಜಾರುತ್ತವೆ. ಅವುಗಳಲ್ಲಿ ಎರಡು ಮಾತ್ರ ಅದಲುಬದಲಾಗಿದ್ದವು. "ನನ್ನ ವಿದ್ಯಾರ್ಥಿಗಳು ನಾಲ್ಕು ಅದಲುಬದಲು ಮಾಡ್ತಾರೆ. ನೀನು ನಾಳೆಯಿಂದ ಒಳಗೇ ಬಂದುಬಿಡು" ಎಂದರಂತೆ ಪ್ರೊಫೆಸರು.

ಕೊಡೆ ಬಿಟ್ಟರೂ ಕೊಡೆಯ ಬುದ್ಧಿ ಅವರನ್ನು ಬಿಡಲಿಲ್ಲ. ಕೊಡೆಯನ್ನು ಸುಮ್ಮಸುಮ್ಮನೆ ಬಿಚ್ಚಿ ಮಡಚಿದರೆ ಕಡ್ಡಿಯ ಸಂದು ಬೇಗ ಸಡಿಲಾಗುತ್ತದೆ. ತಂತಿಯೂ ಅಷ್ಟೆ. ವಿದ್ಯಾರ್ಥಿಗಳು ಮಾವನ ಕೈ ಕುಲುಕಿ, "ಹೇಗಿದ್ದೀರಿ ಮಾವ, ಸೊರಗಿಬಿಟ್ಟಿದ್ದೀರಲ್ಲ" ಎಂದು ತಮಾಷೆ ಮಾಡಿದಷ್ಟೂ ಮೊಣಕೈಯ ತಂತಿ ಸವೆದು ಒಂದು ದಿನ ಪಟ್ಟೆಂದು ಹರಿಯುತ್ತಿತ್ತು. ಆಗ ತಂತಿಯಣ್ಣನ ಬಾಯಿಗೆ ಬೀಗವಿರುತ್ತಿರಲಿಲ್ಲ. ಕೊನೆಗೆ ಬೇಸತ್ತು, ಹೆಂಡತಿಯ ಕೈಯಲ್ಲಿ ಒಂದು ಬೋರ್ಡು ಬರೆಸಿ ಮಾವನ ಕೊರಳಿಗೆ ನೇತುಹಾಕಿದರು. ಬಿಳಿಯ ತಗಡಿನ ಮೇಲೆ ಕೆಂಪು ಅಕ್ಷರದಲ್ಲಿ ಒಂದೇ ಪದ: ಆಡಿಸಬೇಡಿ.

"ಕೀಲು ಅನ್ನೋದು ಬಳಸಿದಷ್ಟೂ ಸವೆಯೋ ವಸ್ತು, ಡಾಕ್ಟ್ರೇ. ಅದರ ಪಾಡಿಗೆ ಬಿಟ್ರೆ ನೂರು ವರ್ಷ ಬಾಳುತ್ತೆ." ಈ ಮಾತನ್ನು ಅವರು ದಿನಕ್ಕೆ ಎರಡು ಸಲವಾದರೂ ಹೇಳುತ್ತಿದ್ದರು. ಒಣ ಮೂಳೆಯ ಮಟ್ಟಿಗೆ, ಹಿತ್ತಾಳೆ ತಂತಿಯ ಮಟ್ಟಿಗೆ, ಅದು ನೂರಕ್ಕೆ ನೂರು ನಿಜವಾಗಿತ್ತು.

ನಾನು ಮೊದಲ ವರ್ಷವೇ ಮೂಳೆಗಳ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದವಳು. ಪರೀಕ್ಷಕರು ಹೆಗಲಿನ ಮೂಳೆಯೊಂದನ್ನು ಕೈಗಿಟ್ಟು, ಇದು ಎಡದ್ದೋ ಬಲದ್ದೋ ಎಂದು ಕೇಳಿದಾಗ ತಬ್ಬಿಬ್ಬಾಗಿ "ಮಧ್ಯದ್ದು" ಎಂದುಬಿಟ್ಟೆ. ಯಾರನ್ನೂ ನೋಯಿಸದ ಉತ್ತರ ಹುಡುಕುವ ಚಾಳಿ ನನಗೆ ಆಗಲೇ ಇತ್ತು. ಇಡೀ ಕಾಲೇಜು ಬಿದ್ದು ಬಿದ್ದು ನಕ್ಕಿತು. ಮಧ್ಯದಮ್ಮ ಎಂಬ ಅಡ್ಡಹೆಸರು ಆ ದಿನವೇ ಅಂಟಿಕೊಂಡಿತು.

ಮೂಳೆ ಕೋಣೆಯ ಹಿಂದಿನ ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದಾಗ ತಂತಿಯಣ್ಣ ಇಕ್ಕಳ ಹಿಡಿದುಕೊಂಡೇ ಹೊರಗೆ ಬಂದರು.

"ಅಳೋಕೆ ಬೇರೆ ಜಾಗ ನೋಡ್ಕೊಳ್ಳಿ. ಇಲ್ಲಿ ನಾನು ಮೂಳೆ ಒಣಗಿಸ್ತೀನಿ, ತೇವ ಆಗುತ್ತೆ" ಎಂದರು. ನಾನು ಎದ್ದು ಹೊರಟಾಗ, "ಅಯ್ಯೋ, ಹೋಗಿ ಅಂದ್ರೆ ಹೋಗೇಬಿಡೋದಾ? ಬನ್ನಿ ಒಳಗೆ. ಈ ತಂತಿ ತುದಿ ಹಿಡ್ಕೊಳ್ಳಿ" ಎಂದರು.

ಅಂದಿನಿಂದ ಒಂದು ವರ್ಷ ಮಧ್ಯಾಹ್ನದ ಬಿಡುವಿನಲ್ಲೆಲ್ಲ ನಾನು ಅವರ ಮೇಜಿನ ಪಕ್ಕದ ಸ್ಟೂಲಿನ ಮೇಲೆ ಇರುತ್ತಿದ್ದೆ. ಮೇಜಿನ ಮೇಲೆ ಮೂಳೆಗೆ ತೂತು ಕೊರೆಯುವ ಕೈಬೈರಿಗೆ, ತಂತಿಯ ಸುರುಳಿಗಳು, ಸ್ಪ್ರಿಂಗುಗಳ ಡಬ್ಬಿ, ಬೆನ್ನುಮೂಳೆಗಳ ನಡುವೆ ಇಡಲು ದುಂಡಗೆ ಕತ್ತರಿಸಿದ ದಪ್ಪ ಉಣ್ಣೆಬಟ್ಟೆಯ ಬಿಲ್ಲೆಗಳು. ಪುಸ್ತಕದಲ್ಲಿ ಕೀಲುಗಳಿಗೆ ನಾಲಿಗೆ ಹೊರಳದ ಹೆಸರುಗಳಿದ್ದವು. ಅವರ ಬಾಯಲ್ಲಿ ಎಲ್ಲಕ್ಕೂ ಮನೆಯ ಹೆಸರೇ. ಮೊಣಕೈ ಬಿಜಾಗರಿ ಕೀಲು. "ಬಾಗಿಲ ಥರ. ಒಂದೇ ಕಡೆ ತೆಗಿಯೋದು, ಒಂದೇ ಕಡೆ ಹಾಕೋದು. ಬಲವಂತ ಮಾಡಿದ್ರೆ ಚೌಕಟ್ಟೇ ಕಿತ್ಕೊಂಡು ಬರುತ್ತೆ." ಹೆಬ್ಬೆರಳ ಬುಡದಲ್ಲಿ ತಡಿ ಕೀಲು, ಕುದುರೆಯ ಮೇಲಿನ ತಡಿಯಂತೆ ಅತ್ತಲೂ ಇತ್ತಲೂ ವಾಲುವಂಥದು. ಅದೊಂದು ಇಲ್ಲದಿದ್ದರೆ ಇಕ್ಕಳ ಹಿಡಿಯುವುದೂ ಕನಸಿನ ಮಾತು. ಮುಂಗೈಯ ಎರಡು ಮೂಳೆಗಳಲ್ಲಿ ಒಂದು ಇನ್ನೊಂದರ ಮೇಲೆ ಹೊರಳುವುದನ್ನು ತೋರಿಸಲು ತಮ್ಮ ಅಂಗೈ ಮೇಲೆ ಮಾಡಿ "ಇದು ಬೇಡೋದು" ಎನ್ನುವರು, ಕೆಳಗೆ ಮಾಡಿ "ಇದು ಕೊಡೋದು. ಎರಡಕ್ಕೂ ಒಂದೇ ಕೀಲು." ತಲೆಬುರುಡೆಯ ಮೇಲಿನ ಅಂಕುಡೊಂಕು ಹೊಲಿಗೆಗಳ ಮೇಲೆ ಬೆರಳಾಡಿಸಿ, "ಇವು ಅಲ್ಲಾಡದ ಕೀಲು. ನಾನು, ನನ್ನ ಹೆಂಡತಿ ಇದ್ದ ಥರ. ಆಗಬೇಕಾದ ಜಗಳ ಎಲ್ಲಾ ಆಗಿಹೋಗಿದೆ" ಎನ್ನುವರು.

ಅವರಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಕತ್ತು. ಒಂದು ಕೈಯಲ್ಲಿ ಬುರುಡೆ, ಇನ್ನೊಂದರಲ್ಲಿ ಕತ್ತಿನ ಮೊದಲೆರಡು ಮೂಳೆ ಹಿಡಿದು ಒಂದು ದಿನ ತೋರಿಸಿದರು.

"ಬುರುಡೆ ಕೂತಿರೋದು ಮೊದಲನೇ ಮೂಳೆ ಮೇಲೆ. ಇಲ್ಲಿ ಮುಂದಕ್ಕೆ ಹಿಂದಕ್ಕೆ ಬಾಗಬಹುದು, ಅಷ್ಟೇ. ಇದು ಹೌದು ಅನ್ನೋ ಕೀಲು. ಈಗ ಎರಡನೇದು ನೋಡಿ, ಒಂದು ಗೂಟ ಎದ್ದು ನಿಂತಿದೆಯಲ್ಲ? ಮೊದಲನೇದು ಬುರುಡೆ ಹೊತ್ಕೊಂಡು ಆ ಗೂಟದ ಸುತ್ತ ತಿರುಗುತ್ತೆ. ಇದು ಇಲ್ಲ ಅನ್ನೋ ಕೀಲು." ಆಮೇಲೆ ನನ್ನ ಕಡೆ ಓರೆಗಣ್ಣಿಂದ ನೋಡಿ, "ನಮ್ಮಂಥೋರಿಗೆ ಮೇಲಿಂದು ಸವೆದುಹೋಗಿರುತ್ತೆ, ಕೆಳಗಿಂದು ತುಕ್ಕು ಹಿಡಿದಿರುತ್ತೆ. ನೀವು ದೊಡ್ಡ ಡಾಕ್ಟ್ರಾದ್ಮೇಲೆ ಕೆಳಗಿಂದನ್ನೂ ಸ್ವಲ್ಪ ಬಳಸಿ" ಎಂದು ನಕ್ಕರು.

ನಾನೂ ನಕ್ಕು ಗೋಣು ಹಾಕಿದೆ, ಮೇಲಿನ ಕೀಲಿನಿಂದ.

ಎರಡನೆಯ ಸಲ ಪರೀಕ್ಷೆಗೆ ಹೋದಾಗ ಅವರು ಬಾಗಿಲ ಹೊರಗೆ ಕೆಲಸವಿಲ್ಲದಿದ್ದರೂ ಕಸ ಗುಡಿಸುತ್ತ ನಿಂತಿದ್ದರು. ಅದೇ ಪರೀಕ್ಷಕರು, ಅದೇ ಹೆಗಲಿನ ಮೂಳೆ. "ಬಲದ್ದು" ಎಂದೆ. ಹೊರಗೆ ಪೊರಕೆಯ ಸದ್ದು ನಿಂತಿತು. ನಾನು ಡಾಕ್ಟರಾದದ್ದು ಆ ಸ್ಟೂಲಿನ ಮೇಲೆ ಕೂತು ಎಂದು ಎದೆ ಮುಟ್ಟಿ ಹೇಳಬಲ್ಲೆ. ಅದಕ್ಕೇ ಮುಂದೆ ನಡೆದದ್ದು ನನ್ನನ್ನು ಇಷ್ಟು ಸುಡುತ್ತದೆ.

ತಂತಿಯಣ್ಣನ ಹೆಂಡತಿ ಅಂಗಡಿಗಳಿಗೆ ಬೋರ್ಡು ಬರೆಯುವವರು. ನಾನು ಅಕ್ಕ ಎಂದೇ ಕರೆಯುತ್ತಿದ್ದೆ. ಅವರ ಮನೆಯ ಮುಂದಿನ ಕೋಣೆಯೇ ಕೆಲಸದ ಜಾಗ. ಬಾಗಿಲು ತೆರೆದರೆ ಟರ್ಪೆಂಟೈನ್ ವಾಸನೆ, ಗೋಡೆಗೆ ಒರಗಿಸಿದ ತಗಡುಗಳು, ಅಟ್ಟದ ಮೇಲೆ ಬಣ್ಣದ ದೊಡ್ಡ ಡಬ್ಬಿಗಳು. ಊರಿನ ಮುಖ್ಯ ಬೀದಿಯಲ್ಲಿ ಚಪ್ಪಲಿ ಅಂಗಡಿಯಿಂದ ಹಿಡಿದು ಕನ್ನಡಕದ ಅಂಗಡಿಯವರೆಗೆ ಅವರ ಕೈಬರಹವೇ. ಜನ ನಿಂತು ನೋಡುತ್ತಿದ್ದುದು ಅವರ ಸೊನ್ನೆಯನ್ನು. ಏಣಿ ಹತ್ತಿ, ಬ್ರಷ್ಷು ಅದ್ದಿ, ಬಲಗೈಯನ್ನು ತಲೆಯ ಮೇಲಿಂದ ಎದೆಯವರೆಗೆ ಒಂದೇ ಬೀಸು ಬೀಸಿ ಎರಡಡಿ ಎತ್ತರದ ಸೊನ್ನೆಯನ್ನು ಕೂಡಿಸುತ್ತಿದ್ದರು. ಗೆರೆ ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು, ಹುಡುಕಿದರೂ ಸಿಗದು.

"ಬೆರಳಿಂದ ಬರೆಯೋರು ಪತ್ರ ಬರೀಬೇಕು. ಬೋರ್ಡು ಬರೆಯೋದು ಹೆಗಲಿಂದ" ಎನ್ನುತ್ತಿದ್ದರು ಅಕ್ಕ.

ತಂತಿಯಣ್ಣ ಪಕ್ಕದಲ್ಲಿ ನಿಂತು ನನಗೆ ಪಾಠ ಹೇಳುವರು. "ನೋಡಿದ್ರಾ? ಸೊಂಟದ ಕೀಲು ಬಟ್ಟಲೊಳಗಿನ ಗುಂಡು. ಭದ್ರ. ಹೆಗಲದ್ದು ತಟ್ಟೆ ಮೇಲಿನ ನಿಂಬೆಹಣ್ಣು. ಎಲ್ಲಾ ಕಡೆ ತಿರುಗುತ್ತೆ, ಅದಕ್ಕೇ ಎಲ್ಲಕ್ಕಿಂತ ಬೇಗ ಕೆಡುತ್ತೆ. ಜೋಪಾನ ಮಾಡ್ಕೊಳೇ ಅಂದ್ರೆ ಇವಳು ಕೇಳಲ್ಲ."

"ಜೋಪಾನ ಮಾಡಿ ಎಲ್ಲಿಡ್ಲಿ, ಪೆಟ್ಟಿಗೇಲಾ?" ಎಂದು ಅಕ್ಕ ಏಣಿಯ ಮೇಲಿಂದಲೇ ಕೇಳುವರು.

ನಾನು ಮೂರನೆಯ ವರ್ಷಕ್ಕೆ ಬಂದಾಗ ಅಕ್ಕ ಏಣಿಯಿಂದ ಬಿದ್ದರು. ಔಷಧದ ಅಂಗಡಿಯ ಬೋರ್ಡು, ಫೋನ್ ನಂಬರಿನ ಕೊನೆಯ ಸೊನ್ನೆ, ಏಣಿಯ ಒಂದು ಕಾಲು ಕಲ್ಲಿನ ಮೇಲೆ ಜಾರಿತು. ಬಲಗೈ ಊರಿ ಬಿದ್ದರು. ಹೆಗಲಿನ ಹತ್ತಿರ ತೋಳಿನ ಮೂಳೆ ಬಿರುಕು ಬಿಟ್ಟಿತ್ತು, ಜಾಗ ಬಿಟ್ಟು ಸರಿದಿರಲಿಲ್ಲ. ಆಸ್ಪತ್ರೆಯ ಡಾಕ್ಟರು ಕೈಯನ್ನು ಕೊರಳಿಗೆ ಜೋಲಿ ಕಟ್ಟಿ, ಚೀಟಿಯಲ್ಲಿ ಬಿಡಿಸಿ ಬರೆದುಕೊಟ್ಟರು: ಮೂರು ವಾರ ವಿಶ್ರಾಂತಿ. ಆಮೇಲೆ ದಿನಕ್ಕೆ ಮೂರು ಸಲ, ಮುಂದಕ್ಕೆ ಬಾಗಿ ಕೈಯನ್ನು ಗಡಿಯಾರದ ಲೋಲಕದಂತೆ ತೂಗಾಡಿಸಬೇಕು. ನೋವಾದರೂ ಬಿಡಬಾರದು.

ನಾಲ್ಕನೆಯ ವಾರ ನಾನು ನೋಡಲು ಹೋದೆ. ಅಕ್ಕನ ಕೈ ಜೋಲಿಯಲ್ಲಿರಲಿಲ್ಲ. ಇನ್ನೂ ಬಿಗಿಯಾಗಿ, ಅಗಲವಾದ ಬಟ್ಟೆಪಟ್ಟಿಯಿಂದ ಎದೆಗೇ ಸುತ್ತಿಕೊಂಡಿತ್ತು. ಸುತ್ತು ಅಚ್ಚುಕಟ್ಟಾಗಿತ್ತು. ತಂತಿಯಣ್ಣನ ಕೈಕೆಲಸ ಎಂದು ನೋಡಿದ ಕೂಡಲೇ ಗೊತ್ತಾಗುತ್ತಿತ್ತು.

"ಮೂರು ವಾರ ಆಯ್ತಲ್ಲ ಅಕ್ಕ?" ಎಂದೆ.

"ಅದನ್ನೇ ನಾನೂ ಹೇಳ್ತಿರೋದು. ಡಾಕ್ಟ್ರು ತೂಗಾಡಿಸು ಅಂದಿದ್ದಾರೆ, ಇವರು ಬಿಚ್ಚೋಕೇ ಬಿಡ್ತಿಲ್ಲ."

"ಬರೆದುಕೊಟ್ಟು ಹೋಗೋದಕ್ಕೇನು, ಅವರು ಬರೀತಾರೆ" ಎಂದರು ತಂತಿಯಣ್ಣ. "ಕೊಡೆ ಕಡ್ಡಿ ಬಿಟ್ರೇನೇ ಬೆಸುಗೆ ಹಾಕಿ ಎರಡು ದಿನ ಮುಟ್ಟಲ್ಲ. ಇದು ಮೂಳೆ ಕಣೇ. ಅದೂ ಹೆಗಲು. ಇಪ್ಪತ್ತೆರಡು ವರ್ಷದಿಂದ ಕೀಲುಗಳನ್ನ ಕೈಯಲ್ಲಿ ಹಿಡಿದಿರೋನು ನಾನು. ಆಡಿಸಿದಷ್ಟೂ ಸವೆಯುತ್ತೆ. ಮೂರು ತಿಂಗಳು ಅಲ್ಲಾಡಿಸ್ಬೇಡ. ಆಮೇಲೆ ನೋಡು, ಹೊಸದರ ಥರ ಇರುತ್ತೆ."

ಅಕ್ಕ ನನ್ನ ಕಡೆ ತಿರುಗಿದರು. "ನೀನು ಓದ್ತಿದೀಯಲ್ಲಮ್ಮ. ನೀನೇ ಹೇಳು. ಇವರು ಹೇಳೋದು ಸರೀನಾ?"

ಆ ಪ್ರಶ್ನೆಗೆ ಉತ್ತರ ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳುವ ದಾರಿಯೇ ಇಲ್ಲ. ಹದಿನೈದು ದಿನದ ಹಿಂದೆ ಇದೇ ವಿಷಯದ ಮೇಲೆ ಕಿರುಪರೀಕ್ಷೆಯಾಗಿತ್ತು. ಜೀವವಿರುವ ಕೀಲಿನ ಸುತ್ತ ಒಂದು ಚೀಲವಿರುತ್ತದೆ, ಚೀಲದೊಳಗೆ ಜಾರುಗೊಳಿಸುವ ದ್ರವವಿರುತ್ತದೆ, ಆಡಿಸಿದರಷ್ಟೇ ಆ ದ್ರವ ಎಲ್ಲ ಕಡೆ ಹರಡುತ್ತದೆ, ಆಡಿಸದೆ ಬಿಟ್ಟರೆ ಚೀಲ ಕುಗ್ಗಿ ಮೂಳೆಗೆ ಅಂಟಿಕೊಳ್ಳುತ್ತದೆ, ಹೆಗಲಂತೂ ಎಲ್ಲಕ್ಕಿಂತ ಬೇಗ ಸೆಟೆದುಕೊಳ್ಳುತ್ತದೆ ಎಂದು ಎರಡು ಪುಟ ಬರೆದಿದ್ದೆ. ಇಡೀ ತರಗತಿಗೆ ನನ್ನದೇ ಹೆಚ್ಚು ಅಂಕ. ಆ ಉತ್ತರಪತ್ರಿಕೆಯನ್ನು ತಂತಿಯಣ್ಣನಿಗೆ ತೋರಿಸಬೇಕೆಂದೇ ಚೀಲದಲ್ಲಿ ಇಟ್ಟುಕೊಂಡು ಹೋಗಿದ್ದೆ.

ಆದರೆ ತಂತಿಯಣ್ಣ ನನ್ನ ಮುಖವನ್ನೇ ನೋಡುತ್ತಿದ್ದರು. ನಾಲ್ಕು ವಾರದಲ್ಲಿ ಅರ್ಧ ಇಳಿದುಹೋಗಿದ್ದರು, ಕಣ್ಣ ಕೆಳಗೆ ಕಪ್ಪಾಗಿತ್ತು. ಹೆಂಡತಿಯ ತೋಳನ್ನು ಕಾಯುವುದು ಬಿಟ್ಟರೆ ಅವರಿಗೆ ಬೇರೆ ಯಾವ ಧ್ಯಾನವೂ ಇರಲಿಲ್ಲ. "ಹೇಳಿ ಡಾಕ್ಟ್ರೇ, ನೀವೇ ಹೇಳಿ" ಎಂದರು. ಆ ದನಿಯಲ್ಲಿ ಹೆಮ್ಮೆಯಿತ್ತು. ತಾನು ತಯಾರು ಮಾಡಿದ ಡಾಕ್ಟರು ತನ್ನ ಪರವಾಗಿ ಸಾಕ್ಷಿ ಹೇಳುತ್ತಾಳೆ ಎಂಬ ಹೆಮ್ಮೆ. ಹೆಂಡತಿಯ ಎದುರಿಗೆ ಈ ಮನುಷ್ಯನಿಗೆ ನಿಮಗೆ ಗೊತ್ತಿಲ್ಲ ಎಂದು ಹೇಗೆ ಹೇಳುವುದು? ನಾಳೆ ಒಬ್ಬರೇ ಸಿಕ್ಕಾಗ ಮೆಲ್ಲಗೆ ಹೇಳಿದರಾಯಿತು ಎಂದುಕೊಂಡೆ.

ಗೋಣು ಹಾಕಿದೆ. ಒಂದು ಸಲ ಸಾಲದೆಂದು ಎರಡು ಸಲ.

"ಕೇಳಿಸ್ಕೊಂಡ್ಯಾ?" ಎಂದರು ತಂತಿಯಣ್ಣ. ಉತ್ತರಪತ್ರಿಕೆ ಚೀಲದಲ್ಲೇ ಉಳಿಯಿತು.

ಮರುದಿನ ಹೇಳಲಿಲ್ಲ. ಆ ವಾರ ವಾರ್ಡಿನಲ್ಲಿ ಪುರುಸೊತ್ತಿರಲಿಲ್ಲ. ಮುಂದಿನ ವಾರ ಹೇಳಿದರೆ, ಆವತ್ತು ಯಾಕೆ ಹೌದೆಂದೆ ಎಂದು ಕೇಳುತ್ತಾರಲ್ಲ ಎನ್ನಿಸಿತು. ಅದರ ಮುಂದಿನ ವಾರ, ಇಷ್ಟು ದಿನವಾದ ಮೇಲೆ ಹೇಳಿ ಏನು ಪ್ರಯೋಜನ ಎನ್ನಿಸಿತು. ಸುಳ್ಳಿಗೆ ನೆಪಗಳು ಕೈ ಕಟ್ಟಿಕೊಂಡು ಸಾಲುಗಟ್ಟಿ ನಿಂತಿರುತ್ತವೆ. ನಾನು ಮೂಳೆ ಕೋಣೆಗೆ ಹೋಗುವುದನ್ನೇ ಕಡಿಮೆ ಮಾಡಿದೆ.

ಮೂರು ತಿಂಗಳು ತುಂಬಿದ ದಿನ ತಂತಿಯಣ್ಣ ಪಟ್ಟಿ ಬಿಚ್ಚಿದರು. ಅದನ್ನು ಆಮೇಲೆ ಅಕ್ಕನೇ ಹೇಳಿದರು. "ಎತ್ತು" ಎಂದರಂತೆ. ಅಕ್ಕ ಎತ್ತಿದರು. ತೋಳಿನ ಜೊತೆ ಇಡೀ ಹೆಗಲು ಕಿವಿಯವರೆಗೆ ಎದ್ದಿತೇ ಹೊರತು ಕೈ ಸೊಂಟದಿಂದ ಮೇಲೆ ಬರಲಿಲ್ಲ. ನೋವಿಗೆ ಹೀಗಾಗಿದೆ, ನಾಳೆ ಸರಿಹೋಗುತ್ತದೆ ಎಂದರು ತಂತಿಯಣ್ಣ. ಒಂದು ವಾರ ಕಾದರು. ಆಮೇಲೆ ಅವರು ಅಕ್ಕನ ಬೆನ್ನ ಮೇಲೆ ಕೈಯಿಟ್ಟು ನೋಡಿದಾಗ, ತೋಳು ಚಲಿಸಿದರೆ ಹೆಗಲಮೂಳೆಯೂ ಅದಕ್ಕೆ ಅಂಟಿಕೊಂಡೇ ಚಲಿಸುತ್ತಿತ್ತು. ಎರಡು ಮೂಳೆ ಒಂದೇ ಆದಂತಿದ್ದವು. ಅಷ್ಟು ತಿಳಿಯುವ ಬೆರಳು ಅವರದು. ಅಲ್ಲೇ ನೆಲದ ಮೇಲೆ ಕೂತುಬಿಟ್ಟರಂತೆ.

ಡಾಕ್ಟರು ಬೈಯಲಿಲ್ಲ. ಅರಿವಳಿಕೆ ಕೊಟ್ಟು ಆಡಿಸಿ ಸ್ವಲ್ಪ ಬಿಡಿಸಿದರು. ಇನ್ನುಳಿದದ್ದು ನಿಮ್ಮ ಕೈಯಲ್ಲಿದೆ, ದಿನಾ ಬೆರಳನ್ನು ಗೋಡೆಯ ಮೇಲೆ ನಡೆಸುತ್ತ ಕೈ ಮೇಲೇರಿಸಬೇಕು ಎಂದರು. ಅಂದಿನಿಂದ ಬೆಳಗಾದರೆ ಅಕ್ಕ ಮುಂದಿನ ಕೋಣೆಯ ಗೋಡೆಗೆ ಎದುರಾಗಿ ನಿಲ್ಲುವರು, ತಂತಿಯಣ್ಣ ಬೆನ್ನಿಗೆ ಕೈಯಿಟ್ಟು ನಿಲ್ಲುವರು. ಬೆರಳು ಎಲ್ಲಿಯವರೆಗೆ ಏರಿತೋ ಅಲ್ಲಿ ಪೆನ್ಸಿಲಿನಿಂದ ಒಂದು ಚುಕ್ಕೆ. ಮೊದಲ ತಿಂಗಳು ಚುಕ್ಕೆಗಳು ಬಿರಬಿರನೆ ಮೇಲೆ ಹೋದವು. ಆಮೇಲೆ ನಿಧಾನವಾದವು. ಒಂದು ವರ್ಷಕ್ಕೆ ಎದೆಯ ಮಟ್ಟ ದಾಟಿ ಹೆಗಲ ಮಟ್ಟಕ್ಕೆ ಬಂದು ನಿಂತವು. ಮುಂದಕ್ಕೆ ಒಂದು ಬೆರಳಿನಷ್ಟೂ ಹೋಗಲಿಲ್ಲ.

ಏಣಿಯ ಕೆಲಸ ಅಲ್ಲಿಗೆ ಮುಗಿಯಿತು. ಅಕ್ಕ ಮೇಜಿನ ಮುಂದೆ ಕೂತು ಬರೆಯುವ ಚಿಕ್ಕ ಕೆಲಸಗಳಿಗೆ ಇಳಿದರು. ಮನೆ ನಂಬರಿನ ತಗಡು, ಬಾಗಿಲ ಮೇಲಿನ ಹೆಸರು, ವಾಹನದ ನಂಬರ್ ಪ್ಲೇಟು. ಬೆರಳಷ್ಟು ಎತ್ತರದ ಸೊನ್ನೆಗಳು.

ಆ ದಿನಗಳಲ್ಲೇ ತಂತಿಯಣ್ಣ ಮಾವನ ಕೊರಳಿನ ಬೋರ್ಡನ್ನು ಬಿಚ್ಚಿ ಮನೆಗೆ ತಂದರು. ನಾನು ಅಲ್ಲಿದ್ದೆ. ತಪ್ಪಿಸಿಕೊಂಡು ತಿರುಗುವುದು ಸಾಕಾಗಿ, ಆವತ್ತಾದರೂ ಹೇಳಿಬಿಡಬೇಕೆಂದು ಹೋಗಿದ್ದೆ.

"ಇದರಲ್ಲಿ ಬೇಡಿ ತೆಗೆದುಬಿಡು" ಎಂದು ತಗಡನ್ನು ಅಕ್ಕನ ಮುಂದಿಟ್ಟರು.

ಅಕ್ಕ ಅದನ್ನು ಓದಿ ನಕ್ಕರು. "ನೋಡೇ, ನಾನೇ ನನ್ನ ಕೈಯಾರೆ ಬೇಡಿ ಅಂತ ಬರೆದುಕೊಟ್ಟೆ. ನನ್ನ ಕೈಗೇ ಬಿತ್ತು ಬೇಡಿ!"

ತಂತಿಯಣ್ಣ ನಗಲಿಲ್ಲ. ಅಕ್ಕ ಬಿಳಿ ಬಣ್ಣದಿಂದ ಕೊನೆಯ ಎರಡಕ್ಷರ ಮುಚ್ಚಿದರು, ಸ ಅಕ್ಷರಕ್ಕೆ ಒಂದು ಗುಡಿಸು ಕೊಟ್ಟರು. ಈಗ ಬೋರ್ಡಿನಲ್ಲಿ ಉಳಿದದ್ದು: ಆಡಿಸಿ. ಎಷ್ಟು ಬಳಿದರೂ ಮುಚ್ಚಿದ ಕೆಂಪು ಬಿಳಿಯ ಕೆಳಗೆ ತೆಳ್ಳಗೆ ಕಾಣುತ್ತಿತ್ತು.

ಬಣ್ಣ ಒಣಗುವವರೆಗೆ ತಂತಿಯಣ್ಣ ನನ್ನ ಜೊತೆ ಹೊರಗೆ ಜಗಲಿಯ ಮೇಲೆ ಕೂತರು. ನಾನು ಬಾಯಿ ತೆರೆಯುವ ಮೊದಲೇ ಅವರೇ ಶುರು ಮಾಡಿದರು.

"ನಿಮ್ಮ ಹತ್ರ ಒಂದು ಮಾತು ಹೇಳ್ಬೇಕಿತ್ತು, ಡಾಕ್ಟ್ರೇ. ಕ್ಷಮಿಸ್ಬಿಡಿ."

"ನನ್ನನ್ನಾ? ಯಾಕೆ?"

"ಆವತ್ತು ನೀವು ಹೌದು ಅಂದಿದ್ದು ನನ್ನಿಂದ. ನಾನು ಹೇಳಿಕೊಟ್ಟೆ, ನೀವು ನಂಬಿದ್ರಿ. ಒಣ ಮೂಳೆ ನೋಡಿ ಕಲ್ತಿದ್ದನ್ನ ಜೀವ ಇರೋ ಮೈಗೆ ಹಚ್ಚಿದೆ. ಇವಳ ಕೈ ಕಳೆದೆ, ನಿಮ್ಮ ತಲೇಲೂ ತಪ್ಪು ತುಂಬಿಸಿದೆ. ಪರೀಕ್ಷೇಲಿ ನಾನು ಹೇಳಿದ್ದನ್ನ ಬರೀಬೇಡಿ. ಆಡ್ತಾ ಇದ್ರೇನೇ ಕೀಲು. ಇಲ್ದಿದ್ರೆ ಬರೀ ಮೂಳೆ."

ನನಗೆ ಗೊತ್ತಿತ್ತು ತಂತಿಯಣ್ಣ, ನೀವು ಹೇಳಿಕೊಟ್ಟದ್ದಕ್ಕಲ್ಲ, ನಾನು ಹೇಡಿಯಾದದ್ದಕ್ಕೆ ಹೀಗಾಯಿತು ಎನ್ನಬೇಕಿತ್ತು. ಅಷ್ಟು ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. ಅವರು ಕಣ್ಣೊರೆಸಿಕೊಂಡು, "ತಿದ್ಕೊಳ್ತೀರಲ್ವಾ?" ಎಂದರು. ನಾನು ಮತ್ತೆ ಗೋಣು ಹಾಕಿದೆ.

ಮೊದಲ ಸಲದ್ದು ಭಯ ಎನ್ನಬಹುದು. ಇದಕ್ಕೆ ಏನೆನ್ನಬೇಕೋ ನನಗೆ ಇಂದಿಗೂ ತಿಳಿಯದು.

ಆಮೇಲೆ ತಂತಿಯಣ್ಣ ಇನ್ನೂ ಹದಿನಾಲ್ಕು ವರ್ಷ ಮೂಳೆ ಕೋಣೆಯಲ್ಲಿದ್ದರು. ಬೈಗುಳ ನಿಂತುಹೋಗಿತ್ತು. ಹೊಸ ವಿದ್ಯಾರ್ಥಿಗಳು ಬಂದರೆ ತಾವೇ ಕರೆದು ಮಾವನ ಕೈಯನ್ನು ಅವರ ಕೈಗೆ ಕೊಡುವರು, "ತಿರುಗಿಸಿ, ಬಗ್ಗಿಸಿ, ಹೆದರ್ಬೇಡಿ" ಎನ್ನುವರು. ತಂತಿಗಳು ತಿಂಗಳಿಗೊಮ್ಮೆ ಹರಿಯುತ್ತಿದ್ದವು. ಅವರು ಕೂತು ಮತ್ತೆ ಪೋಣಿಸುವರು. ನಾನು ಅದೇ ವಿಭಾಗದಲ್ಲಿ ಪಾಠ ಮಾಡುವವಳಾದೆ. ಕೀಲುಗಳ ಪಾಠ ನನ್ನದೇ. ಜೀವವಿರುವ ಕೀಲನ್ನು ಕಟ್ಟಿಹಾಕುವುದು ಅದನ್ನು ಕೊಂದ ಹಾಗೆ ಎಂದು ಪ್ರತಿ ವರ್ಷ ಹೇಳುತ್ತೇನೆ. ಎಷ್ಟು ಮನಮುಟ್ಟುವಂತೆ ಹೇಳುತ್ತೀರಿ ಎಂದು ವಿದ್ಯಾರ್ಥಿಗಳು ಮೆಚ್ಚುತ್ತಾರೆ. ಪಾಠ ಮುಗಿದ ಮೇಲೆ ನಾನು ಸಿಬ್ಬಂದಿ ಕೋಣೆಗೆ ಹೋಗಿ ಸುಮ್ಮನೆ ಕೂರುತ್ತೇನೆ.

ಅವರು ನಿವೃತ್ತರಾದ ಮೇಲೂ ಎಷ್ಟೋ ಸಲ ಅವರ ಮನೆಗೆ ಹೋಗಿದ್ದೇನೆ. ಹೇಳಲು ದಿನಕ್ಕೊಂದು ಅವಕಾಶ ಎಂದರೂ ಸಾವಿರಾರು ಅವಕಾಶಗಳು. ಕಳೆದ ವರ್ಷ ಎದೆನೋವು ಬಂದು ತಂತಿಯಣ್ಣ ಹೋದರು, ಎಪ್ಪತ್ತೆಂಟನೆಯ ವಯಸ್ಸಿಗೆ, ಮೂರೇ ದಿನದಲ್ಲಿ. ಸುದ್ದಿ ತಿಳಿದಾಗ ಮೊದಲು ನನ್ನ ಮನಸ್ಸಿಗೆ ಬಂದದ್ದು ದುಃಖವಲ್ಲ. ಇನ್ನು ಹೇಳುವುದು ತಪ್ಪಿತು ಎಂಬ ಒಂದು ಬಗೆಯ ನೆಮ್ಮದಿ. ಅದನ್ನು ಬರೆಯಲು ಈಗ ನಾಚಿಕೆಯಾಗುತ್ತಿದೆ.

ಒಂದು ತಿಂಗಳ ಮೇಲೆ ಮಧ್ಯಾಹ್ನ ಅಕ್ಕನನ್ನು ನೋಡಲು ಹೋದೆ. ಮೇಜಿನ ಮುಂದೆ ಕೂತು ಯಾರದೋ ಮನೆ ನಂಬರು ಬರೆಯುತ್ತಿದ್ದರು. ಎದುರಿನ ಗೋಡೆಗೆ ಈ ಮೂವತ್ತೆರಡು ವರ್ಷಗಳಲ್ಲಿ ಸುಣ್ಣ ಬಳಿಸಿಯೇ ಇಲ್ಲ. ಕೆಳಗಿನಿಂದ ಮೇಲಕ್ಕೆ ಹೋದ ಚುಕ್ಕೆಗಳು ಹಾಗೇ ಇದ್ದವು. ಎಲ್ಲಕ್ಕಿಂತ ಮೇಲೆ, ಹೆಗಲ ಮಟ್ಟದಲ್ಲಿ, ಚುಕ್ಕೆಯ ಮೇಲೆ ಚುಕ್ಕೆ ಬಿದ್ದು ಒಂದು ದಪ್ಪ ಕಪ್ಪು ಕಲೆಯಾಗಿತ್ತು.

ನಾನು ಅದನ್ನೇ ನೋಡುತ್ತಿರುವುದನ್ನು ಅಕ್ಕ ಕಂಡರು.

"ಅವರು ತೀರಿಹೋಗೋ ವಾರದವರೆಗೂ ಬಿಡಲಿಲ್ಲ ಕಣೇ. ಕೈ ಇದಕ್ಕಿಂತ ಮೇಲಕ್ಕೆ ಹೋಗಲ್ಲ ಬಿಡಿ ಅಂದ್ರೆ, ಇವತ್ತೊಂದು ದಿನ ನೋಡೋಣ ಅನ್ನೋರು. ದಿನಾ ಅದೇ ಮಾತು." ಬ್ರಷ್ಷನ್ನು ಡಬ್ಬಿಯ ಅಂಚಿಗೆ ಒರೆಸಿ ಕೆಳಗಿಟ್ಟರು. "ಒಂದು ಕೇಳ್ತೀನಿ. ಬೇಜಾರು ಮಾಡ್ಕೋಬೇಡ. ಆವತ್ತು ನಿನಗೆ ಗೊತ್ತಿತ್ತು, ಅಲ್ವಾ?"

ಮಧ್ಯದ ಉತ್ತರ ಯಾವುದೂ ಸಿಗಲಿಲ್ಲ. ಗೋಣು ಹಾಕಿದೆ. ಆ ಕೀಲಿನಿಂದ ನಾನು ಹೇಳಿದ ಮೊದಲ ನಿಜ ಅದು.

"ನಂಗೆ ಆವತ್ತೇ ಅನುಮಾನ ಬಂತು" ಎಂದರು ಅಕ್ಕ. "ಪ್ರಶ್ನೆ ಕೇಳಿದ್ದು ನಾನು. ನೀನು ನೋಡ್ತಾ ಇದ್ದದ್ದು ಅವರ ಮುಖ."

"ಮತ್ತೆ ಯಾಕಕ್ಕ ಕೇಳಲಿಲ್ಲ ನೀವು? ಬೈಲಿಲ್ಲ?"

"ನೀನಾಗೇ ಹೇಳ್ತೀಯ ಅಂತ ಕಾದೆ. ನಂಗಲ್ಲ. ಅವರಿಗೆ. ನನ್ನ ಕೈ ವಿಷಯ ಬಿಡು, ನಾನೂ ಕಟ್ಟಿಸ್ಕೊಂಡು ಸುಮ್ನೆ ಕೂತಿದ್ದೆ, ನಂದೂ ತಪ್ಪೇ. ಆದ್ರೆ ಅವರು ಮೂವತ್ತೆರಡು ವರ್ಷ ಈ ಗೋಡೆ ಮುಂದೆ ಒಬ್ಬರೇ ನಿಂತ್ರು, ಎಲ್ಲಾ ನಾನೇ ಮಾಡಿದ್ದು ಅಂತ. ನನಗೆ ಗೊತ್ತಿದ್ದೂ ಸುಮ್ಮನಿದ್ದೆ ಅಂತ ನೀನು ಒಂದು ಮಾತು ಹೇಳಿದ್ದಿದ್ರೆ, ಪಕ್ಕದಲ್ಲಿ ಇನ್ನೊಬ್ಬಳಿದ್ದಾಳೆ ಅಂತ ಆಗ್ತಿತ್ತು ಅವರಿಗೆ. ಅರ್ಧ ಭಾರ ಇಳೀತಿತ್ತು."

ಅಕ್ಕನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು. ನಾನು ಅತ್ತೆ. ಅಳೋಕೆ ಬೇರೆ ಜಾಗ ನೋಡ್ಕೊಳ್ಳಿ ಎನ್ನಲು ಅಲ್ಲಿ ಯಾರೂ ಇರಲಿಲ್ಲ.

ಅಕ್ಕ ಮತ್ತೆ ಬ್ರಷ್ಷು ಕೈಗೆತ್ತಿಕೊಂಡು ಡಬ್ಬಿಯೊಳಗೆ ಇಣುಕಿದರು. "ಬಿಳಿ ಮುಗೀತು. ಅಟ್ಟದ ಮೇಲೆ ದೊಡ್ಡ ಡಬ್ಬಿ ಇದೆ ನೋಡು, ಇಳಿಸಿಕೊಡು. ಎರಡೂ ಕೈ ಬೇಕು ಅದಕ್ಕೆ. ಅವರಿದ್ದಾಗ ಅವರೇ ತೆಗೆದುಕೊಡ್ತಿದ್ರು."

ಎದ್ದು ಅಟ್ಟದ ಕೆಳಗೆ ನಿಂತೆ. ಎರಡೂ ಕೈ ಎತ್ತಿದೆ. ಹೆಗಲ ಮಟ್ಟ ದಾಟಿ, ಆ ಕಪ್ಪು ಕಲೆಯ ಎತ್ತರ ದಾಟಿ, ತಲೆಯ ಮೇಲಕ್ಕೆ ಅವು ಸಲೀಸಾಗಿ ಹೋದವು. ಡಬ್ಬಿ ಇಳಿಸಿ ಅಕ್ಕನ ಮುಂದಿಟ್ಟೆ.